ಗುಲಗಂಜಿ ತೂಕ

ಅಪ್ಪನ ಪೆಟ್ಟಿಗೆಯಲ್ಲಿ ಇನ್ನೂ ಇವೆ ಹದಿನೇಳು ಗುಲಗಂಜಿ.
ಹದಿನೆಂಟಿದ್ದವಂತೆ. ಒಂದನ್ನು ಮೂರರ ಹರೆಯದಲ್ಲಿ ನಾನೇ ನುಂಗಿದೆನಂತೆ,
ಎರಡು ದಿನ ಮನೆಮಂದಿಯೆಲ್ಲ ನನ್ನ ಹಿಂದೆಯೇ ಕಾದರಂತೆ.
ಈಗ ತೂಗುವುದು ಕರೆಂಟಿನ ತಕ್ಕಡಿ;
ಗಾಂಧಿ ಬಜಾರಿನ ಗಿರಾಕಿ ನಂಬುವುದು
ಅದರ ಕೆಂಪು ಅಂಕಿಯನ್ನೇ ಹೊರತು ನನ್ನ ಮುಖವನ್ನಲ್ಲ.

ಅಂಗಡಿಯ ಮೇಲೆ ತಾರಸಿ, ತಾರಸಿಯಲ್ಲಿ ಶಾಂತೇರಿಯ ತೋಟ:
ಪೇಂಟಿನ ಡಬ್ಬಿ ಐದು, ಕಿವಿ ಹರಿದ ಬಕೆಟ್ಟು ಎರಡು,
ನಾನು ಬಿಸಾಕಿದ ಅಗ್ಗಿಷ್ಟಿಕೆಯಲ್ಲೊಂದು ಬದನೆ.
ಹಗ್ಗ ಹಿಡಿದು ಹತ್ತಿದ ಅವರೆಬಳ್ಳಿಗೆ
ಮಂಜು ಬಿದ್ದು ಸೊಗಡು ಕಟ್ಟುವ ಹೊತ್ತಿಗೆ ಸರಿಯಾಗಿ
ಹೇನು ಬಿತ್ತು.
ಕುಡಿಕುಡಿಯೂ ಕಪ್ಪು, ಕಾಡಿಗೆ ಬಳಿದ ಹಾಗೆ.
"ಹರಳಿನೊಳಗಿನ ಕೂದಲೆಳೆ ಬಿರುಕು ಕಾಣ್ತದೆ ನಿಮಗೆ,
ಇದು ಕಾಣ್ಲಿಲ್ವ?" ಅಂದಳು.

ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿದೆ.
ಅಯ್ಯೋ, ಅದೊಂದು ಊರು.
ಸೂಜಿಮೂತಿ ನೆಟ್ಟು, ತಲೆ ಎತ್ತದೆ ರಸ ಹೀರುವವು,
ಹೀರುತ್ತಲೇ ಹಿಂದಿನಿಂದ ಮರಿ ಹಾಕುವವು;
ಅವುಗಳ ಬೆನ್ನು ತಟ್ಟಿ ತಟ್ಟಿ ಸಿಹಿ ಕರೆದುಕೊಳ್ಳುವ ಇರುವೆಗಳು,
ಹಟ್ಟಿಯ ಯಜಮಾನರ ಗತ್ತಿನಲ್ಲಿ.
ನಡುನಡುವೆ ಬೂದುಬಣ್ಣದ, ಮುಳ್ಳುಮೈಯ,
ಮೊಸಳೆಯನ್ನು ಅಕ್ಕಿಕಾಳಿಗೆ ಇಳಿಸಿದಂಥ ಒಂದು ಹುಳ.
ಬೆನ್ನ ಮೇಲೆ ಕಿತ್ತಳೆ ಕಲೆ, ನಡಿಗೆಯಲ್ಲಿ ಅವಸರ.
ಎಲ್ಲಕ್ಕೂ ಇದೇ ಮೂಲ, ಸಂಶಯವೇ ಇಲ್ಲ.
ಚಿಮಟದಲ್ಲಿ ಹಿಡಿದೆ. ಒಂದೊಂದೇ. ಹನ್ನೊಂದು.
ಹರಳು ಕೂರಿಸಿ ಪಳಗಿದ ಕೈ; ಒಂದೂ ಜಾರಲಿಲ್ಲ.

ವಾರ ಕಳೆಯಿತು. ಹೇನು ಇಮ್ಮಡಿಸಿತು.
ಎಲೆಯಡಿಯಲ್ಲಿ ಬೆಸುಗೆಯ ಹನಿಯಂತೆ ಅಂಟಿಕೊಂಡದ್ದೊಂದು
ನನ್ನ ಗಾಜಿನ ಎದುರೇ ಬಿರಿಯಿತು.
ಹೊರಬಂದದ್ದು ಹಳದಿ, ಒದ್ದೆ, ಮೆರುಗಿಲ್ಲದ್ದು,
ಹೊಸದಾಗಿ ಎರಕದಿಂದ ತೆಗೆದ ಗುಂಡಿನ ಹಾಗೆ. ಚುಕ್ಕೆಯೇ ಇಲ್ಲ.
ಉಂಗುರ ಕೇಳಿ ಬಂದವರನ್ನು ಶಾಂತೇರಿ "ನಾಳೆ ಬನ್ನಿ" ಎಂದು ಕಳಿಸಿದಳು.
ಕಾದೆ. ಮೂಸೆಯಲ್ಲಿ ಬಣ್ಣ ಏರುವುದನ್ನು ಎಷ್ಟು ಸಲ ಕಾದಿಲ್ಲ!
ಇದಕ್ಕೆ ಊದುಕೊಳವೆಯಿಲ್ಲ, ಬೆಂಕಿಯಿಲ್ಲ,
ಒಳಗಿನಿಂದಲೇ ಕೆಂಪು ಬಂತು, ಅದರ ಹಿಂದೆ ಕಪ್ಪು,
ಅಂಕುಡೊಂಕು ಗೆರೆಯಾಗಿ.
ಗುಲಗಂಜಿ ಹುಳ!
ಅದರ ಕಾಲ ಬಳಿ ಮುದುಡಿ ಬಿದ್ದಿತ್ತು
ಮುಳ್ಳಿನದೊಂದು ಸಿಪ್ಪೆ. ಕಿತ್ತಳೆ ಕಲೆ.
ಗುರುತು ಹತ್ತಿತು.

ಅದು ನಡೆದು ಹೋಗಿ ಮೊದಲ ಹೇನನ್ನು ಎತ್ತಿ
ಕಾಲು ಸಮೇತ ಅಗಿಯಿತು.

ತಾಳಿ ಪೋಣಿಸಲು ಬಂದ ನವುಲೆಯ ಕೃಷಿ ಕಾಲೇಜಿನವರು ಹೇಳಿದರು:
ಮರಿಯೇ ಹೊಟ್ಟೆಬಾಕ, ದಿನಕ್ಕೆ ನಲವತ್ತಾದರೂ ಬೇಕು.
ನಲವತ್ತು, ಹತ್ತು ದಿನ, ಹನ್ನೊಂದು.
ನಮ್ಮ ಕಸುಬಿನಲ್ಲಿ ಸವಕಲು ಎಂಬ ಲೆಕ್ಕವೊಂದಿದೆ:
ಅರದ ಪುಡಿ, ಮೂಸೆಗೆ ಅಂಟಿದ್ದು, ಉಗುರಿನ ಸಂದಿಯದ್ದು,
ಗುಡಿಸಿ ತೊಳೆದರೆ ಅರ್ಧವಾದರೂ ಮರಳುತ್ತದೆ.
ಇದನ್ನು ಯಾವ ಪುಟದಲ್ಲಿ ಬರೆಯಲಿ?
ಗುಲಗಂಜಿಗೆ ತನ್ನ ಕಪ್ಪು ಕಾಣದು ಎನ್ನುತ್ತಿದ್ದಳು ಅಜ್ಜಿ;
ಗಾಜು ಹಚ್ಚಿದವನಿಗೂ ಕಾಣದೆಂದು ಹೇಳಿರಲಿಲ್ಲ.

ಹಾಗೆಂದು ಕೆಂಪಾದದ್ದೆಲ್ಲ ಅಪರಂಜಿಯೂ ಅಲ್ಲ.
ಬದನೆಯ ಎಲೆಯನ್ನು ಕೆರೆದು ಕೆರೆದು ಜಾಲರಿ ಮಾಡಿದ್ದೂ
ಇದೇ ಕುಲದ್ದು, ದಾಯಾದಿ. ಬೆನ್ನು ಮಂಕು,
ಇಪ್ಪತ್ತೆಂಟು ಚುಕ್ಕೆ. ಒರೆಗಲ್ಲಿಗೆ ಉಜ್ಜಿ ನೋಡುವಂತಿಲ್ಲ.
ಈಗ ಇಪ್ಪತ್ತೆಂಟನ್ನೂ ಎಣಿಸದೆ ಚಿಮಟ ಮುಟ್ಟುವುದಿಲ್ಲ;
ಎಣಿಸುವಷ್ಟರಲ್ಲಿ ಅರ್ಧ ಹಾರಿಹೋಗುತ್ತವೆ.
"ಬದನೇಕಾಯಿ ಸಂತೆಯಿಂದಲೇ ತನ್ನಿ" ಎನ್ನುತ್ತಾಳೆ ಶಾಂತೇರಿ.

ನಿನ್ನೆ ಒಂದು ನನ್ನ ಅಂಗಿಯ ತೋಳಿನಲ್ಲಿ ಅಂಗಡಿಗೇ ಇಳಿದು ಬಂತು.
ತಕ್ಕಡಿಗೆ ಬಿಟ್ಟೆ. ಅಂಚಿನಿಂದ ಅಂಚಿಗೆ ಓಡಾಡಿತು,
ಅಂಕಿ ಒಂದು ಕಡೆ ನಿಲ್ಲಲೊಲ್ಲದು.
ಆಮೇಲೆ ಹಾರಿ ಅಪ್ಪನ ಪೆಟ್ಟಿಗೆಗೆ ಹೋಗಿ ಕೂತಿತು.
ಹದಿನೆಂಟು.
"ಎಷ್ಟು ಬಂತು ಶೇಟ್ರೇ?" ಗಿರಾಕಿ ಬಾಗಿದರು.
ಸ್ವಲ್ಪ ಉಸಿರು ಹಿಡೀರಿ, ಎಂದೆ.